ಹವ್ಯಾಸ ಕದ್ದ ಸಮಯವಲ್ಲ

ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವವರಿಗೆ ಲ್ಯಾಬ್ ಮತ್ತು ಹಾಸ್ಟೆಲ್ ಬಿಟ್ಟು ಮೂರನೆಯ ಜಾಗ ಇರಬಾರದು ಎಂಬ ನಂಬಿಕೆ ನಮ್ಮ ಸಂಶೋಧನಾ ಸಂಸ್ಥೆಗಳಲ್ಲಿ ಆಳವಾಗಿ ಬೇರುಬಿಟ್ಟಿದೆ. ಇದನ್ನು ಯಾರೂ ಸುತ್ತೋಲೆಯಾಗಿ ಹೊರಡಿಸಿಲ್ಲ. ಆದರೆ ಶನಿವಾರ ಸಂಜೆ ಸಂಗೀತ ಪಾಠಕ್ಕೆ ಹೊರಡುವ ವಿದ್ಯಾರ್ಥಿನಿಯ ಬಗ್ಗೆ ‘ಅವಳಿಗೆ ಅಷ್ಟೆಲ್ಲ ಪುರುಸೊತ್ತಿದೆಯಾ’ ಎಂದು ಸುಳಿಯುವ ಮಾತಿನಲ್ಲಿ ಅದಿದೆ. ಭಾನುವಾರ ಬೆಟ್ಟ ಹತ್ತಿಬಂದವನು ಸೋಮವಾರದ ಗ್ರೂಪ್ ಮೀಟಿಂಗಿನಲ್ಲಿ ಆ ಸುದ್ದಿಯನ್ನೇ ಎತ್ತದಿರುವುದರಲ್ಲಿ, ನಡುರಾತ್ರಿಯಲ್ಲೂ ದೀಪ ಉರಿಯುವ ಲ್ಯಾಬನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ಅದಿದೆ. ಈ ನಂಬಿಕೆಗೆ ಆಸರೆಯಾಗಿರುವುದು ‘ಸಂಶೋಧನೆ ಒಂದು ತಪಸ್ಸು’ ಎಂಬ ಮಾತು. ಗೈಡುಗಳು ಅದನ್ನು ಹೇಳುತ್ತಾರೆ, ಮನೆಯವರು ಹೇಳುತ್ತಾರೆ, ಕೊನೆಗೆ ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಹೇಳಿಕೊಂಡು ನಂಬುತ್ತಾರೆ. ಕೇಳಲು ಉದಾತ್ತವಾಗಿರುವ ಈ ಮಾತು ಭೌತವಿಜ್ಞಾನದ ಕೆಲಸ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ತಪ್ಪು ಚಿತ್ರ ಕೊಡುತ್ತದೆ, ಆ ತಪ್ಪಿನ ಬೆಲೆಯನ್ನು ಇಪ್ಪತ್ತರ ಹರೆಯದವರಿಂದ ವಸೂಲು ಮಾಡುತ್ತದೆ. ಅದನ್ನು ಇನ್ನು ಒಪ್ಪಿಕೊಂಡು ಕೂರಬಾರದು ಎಂಬುದು ನನ್ನ ವಾದ.

ಕೆಲಸದ ಸ್ವರೂಪದಿಂದಲೇ ಶುರುಮಾಡೋಣ. ಪ್ರಯೋಗ ಮಾಡುವ ವಿದ್ಯಾರ್ಥಿಯ ದಿನದಲ್ಲಿ ದೊಡ್ಡ ಪಾಲು ಹೋಗುವುದು ಕಾಯುವುದರಲ್ಲಿ. ಅತಿನಿರ್ವಾತದ ಉಪಕರಣವನ್ನು ಒಮ್ಮೆ ತೆರೆದು ಮುಚ್ಚಿದರೆ ಸಾಕು, ಒಳಗೋಡೆಗೆ ಅಂಟಿದ ನೀರಿನ ಅಣುಗಳನ್ನು ಹೊರಹಾಕಲು ಇಡೀ ಉಪಕರಣವನ್ನು ನೂರು ಡಿಗ್ರಿಗೂ ಮೇಲೆ ಒಂದೆರಡು ದಿನವಾದರೂ ಬಿಸಿಯಾಗಿಟ್ಟು ಪಂಪನ್ನು ಓಡಿಸುತ್ತಲೇ ಇರಬೇಕು. ಡೈಲ್ಯೂಷನ್ ರೆಫ್ರಿಜರೇಟರ್ ಕೋಣೆಯ ಉಷ್ಣತೆಯಿಂದ ಹತ್ತು ಮಿಲಿಕೆಲ್ವಿನ್ ಆಸುಪಾಸಿಗೆ ಇಳಿಯಲು ಒಂದು ದಿನ ಬೇಕು, ಕೆಲವು ಸಲ ಎರಡು ದಿನ. ಯಾರು ಎದುರಿಗೆ ಕೂತು ದಿಟ್ಟಿಸಿದರೂ ಅದು ಬೇಗ ತಣ್ಣಗಾಗುವುದಿಲ್ಲ. ದ್ರವ ಹೀಲಿಯಂ ತನ್ನ ಸರದಿಯಲ್ಲೇ ಬರುತ್ತದೆ. ಸೂಪರ್‌ಕಂಪ್ಯೂಟರಿಗೆ ಕಳಿಸಿದ ಲೆಕ್ಕ ಬೇರೆಯವರ ಲೆಕ್ಕಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಖಗೋಳ ಭೌತವಿಜ್ಞಾನದ ವಿದ್ಯಾರ್ಥಿಗೆ ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಕೆಲವು ರಾತ್ರಿಗಳು ಸಿಕ್ಕವೆನ್ನಿ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಆದರೆ ಅಲ್ಲಿ ಮೋಡ ಕವಿದರೆ ಹೊಸಕೋಟೆಯ ಶ್ರದ್ಧೆಯಿಂದ ಅದು ಚದುರುವುದಿಲ್ಲ. ಹೀಗಿರುವಾಗ ಲ್ಯಾಬಿನಲ್ಲಿ ಹದಿನಾಲ್ಕು ಗಂಟೆ ಇದ್ದವರು ಹದಿನಾಲ್ಕು ಗಂಟೆ ಸಂಶೋಧನೆ ಮಾಡಿದರು ಎಂದು ಎಣಿಸುವುದು ಸರಿಯಾದ ಅಳತೆಯಲ್ಲ. ಅಳತೆಯನ್ನೇ ಕಸುಬು ಮಾಡಿಕೊಂಡ ವಿಜ್ಞಾನದಲ್ಲಿ ಇಂಥ ತಪ್ಪು ಇಷ್ಟು ಕಾಲ ಉಳಿದಿರುವುದು ನೋವಿನ ಸಂಗತಿ. ಕಾಯುವ ಹೊತ್ತಿನಲ್ಲಿ ಓದಬಹುದಲ್ಲ, ಹಳೆಯ ದತ್ತಾಂಶ ನೋಡಬಹುದಲ್ಲ ಎನ್ನುವವರಿದ್ದಾರೆ. ನೋಡಬಹುದು, ವಿದ್ಯಾರ್ಥಿಗಳು ನೋಡುತ್ತಲೂ ಇರುತ್ತಾರೆ. ಆದರೆ ಗಮನವಿಟ್ಟು ಓದುವ ಶಕ್ತಿಗೆ ಮಿತಿಯಿದೆ, ಪಂಪಿಗೆ ಆ ಮಿತಿಯಿಲ್ಲ. ಇವೆರಡೂ ಒಂದೇ ವೇಳಾಪಟ್ಟಿಯಲ್ಲಿ ಓಡಲಾರವು.

ಸಿದ್ಧಾಂತದ ಕಡೆಯವರ ಮಾತೂ ಬೇರೆಯಲ್ಲ. ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಕೆಲಸ ಮಾಡುತ್ತಿದ್ದರೆಂದೂ, ಗಣಿತಜ್ಞನೊಬ್ಬ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸೃಜನಶೀಲ ಕೆಲಸ ಮಾಡಲಾರ ಎಂಬುದು ಅವರ ಅಭಿಪ್ರಾಯವಾಗಿತ್ತೆಂದೂ ಅವರ ಗೆಳೆಯ ಸಿ. ಪಿ. ಸ್ನೋ ಬರೆದಿಟ್ಟಿದ್ದಾರೆ. ಹಾರ್ಡಿಯ ಬೇಸಿಗೆಯ ಮಧ್ಯಾಹ್ನಗಳು ಕ್ರಿಕೆಟ್ ಮೈದಾನದಲ್ಲಿ ಕಳೆಯುತ್ತಿದ್ದವು. ರಾಮಾನುಜನ್ ಅವರ ಪತ್ರದ ಬೆಲೆಯನ್ನು ಗುರುತಿಸಿದ್ದು ಇದೇ ಮನುಷ್ಯ. ಹಾರ್ಡಿ ಆಗಲೇ ಹೆಸರು ಮಾಡಿದವರು, ವಿದ್ಯಾರ್ಥಿಗೆ ಆ ಸವಲತ್ತಿಲ್ಲ ಎನ್ನುವಿರಾದರೆ ವಿದ್ಯಾರ್ಥಿಯೊಬ್ಬನನ್ನೇ ನೋಡೋಣ. 1925ರ ಅಕ್ಟೋಬರಿನಲ್ಲಿ ಪಾಲ್ ಡಿರಾಕ್ ಕೇಂಬ್ರಿಜ್‌ನಲ್ಲಿ ಫೌಲರ್ ಅವರ ಕೈಕೆಳಗಿದ್ದ 23 ವರ್ಷದ ಸಂಶೋಧನಾ ವಿದ್ಯಾರ್ಥಿ. ವಾರವೆಲ್ಲ ಕಠಿಣವಾಗಿ ದುಡಿದು ಭಾನುವಾರ ಒಬ್ಬನೇ ಹಳ್ಳಿಯ ಹಾದಿಗಳಲ್ಲಿ ಉದ್ದಕ್ಕೆ ನಡೆಯುವುದು ಅವರ ರೂಢಿ. ಆ ನಡಿಗೆಯ ಹೊತ್ತು ವಿಶ್ರಾಂತಿಗೆ ಮೀಸಲು. ಅಂಥ ಒಂದು ಭಾನುವಾರ, ಹೈಸೆನ್‌ಬರ್ಗ್ ಅವರ ಹೊಸ ಸಿದ್ಧಾಂತದಲ್ಲಿ ಗುಣಾಕಾರದ ಕ್ರಮ ಬದಲಾದರೆ ಉತ್ತರ ಬದಲಾಗುವುದಕ್ಕೂ ಹಳೆಯ ಯಂತ್ರಶಾಸ್ತ್ರದ ಪಾಯಸಾನ್ ಆವರಣಗಳಿಗೂ ನಂಟಿರಬೇಕು ಎಂದು ಅವರಿಗೆ ಹೊಳೆಯಿತು. ಪಾಯಸಾನ್ ಆವರಣದ ಸೂತ್ರ ಸರಿಯಾಗಿ ನೆನಪಿಗೆ ಬರಲಿಲ್ಲ, ಗ್ರಂಥಾಲಯ ಮುಚ್ಚಿತ್ತು, ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವವರೆಗೂ ಕಾಯಬೇಕಾಯಿತು. ಕ್ವಾಂಟಂ ಯಂತ್ರಶಾಸ್ತ್ರದ ಒಂದು ಮೂಲಸೂತ್ರ ಹುಟ್ಟಿದ ಬಗೆ ಇದು. ಮುಂದಿನ ವರ್ಷ ಅವರಿಗೆ ಪಿಎಚ್.ಡಿ. ಸಿಕ್ಕಿತು. ನಡೆದವರಿಗೆಲ್ಲ ಹೀಗೆ ಹೊಳೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆರು ದಿನ ಸಮಸ್ಯೆಯೊಂದಿಗೆ ಗುದ್ದಾಡಿದ ತಲೆಗೆ ಏಳನೆಯ ದಿನದ ಬಿಡುವು ಆ ಕೆಲಸದ ಒಂದು ಅಂಗವೇ ಆಗಿತ್ತು ಎನ್ನುತ್ತಿದ್ದೇನೆ.

ಗಂಟೆ ಹೆಚ್ಚಿದಂತೆ ಫಲವೂ ಹೆಚ್ಚುತ್ತದೆ ಎಂಬ ಲೆಕ್ಕ ಕೈಕೆಲಸದಲ್ಲೂ ನಿಜವಾಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದಾಖಲಾದ ಅಂಕಿಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ ಮತ್ತೆ ಪರಿಶೀಲಿಸಿದಾಗ, ವಾರಕ್ಕೆ 70 ಗಂಟೆ ದುಡಿದವರ ಉತ್ಪನ್ನಕ್ಕೂ 56 ಗಂಟೆ ದುಡಿದವರ ಉತ್ಪನ್ನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆಚ್ಚಿನ ಹದಿನಾಲ್ಕು ಗಂಟೆ ದಣಿವಿನಲ್ಲೇ ಕರಗಿಹೋಗಿತ್ತು. ಶೆಲ್ಲಿನ ಭಾಗಗಳನ್ನು ಕೊರೆಯುವಲ್ಲಿ ಹೀಗಾದರೆ, ಒಂದು ಋಣಚಿಹ್ನೆ ತಪ್ಪಿದರೆ ಮೂರು ವಾರದ ಗಣನೆ ಮಣ್ಣುಪಾಲಾಗುವ ಕೆಲಸದಲ್ಲಿ ದಣಿವು ಎಷ್ಟು ತಿನ್ನಬಹುದು? ಇದರ ಜೊತೆ ನಿದ್ದೆಯ ಮಾತೂ ಬರುತ್ತದೆ. 2003ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿಯಿತು. ಭಯ ಹುಟ್ಟಿಸುವ ಸಂಗತಿಯೆಂದರೆ ತಾವು ಇಷ್ಟು ಕುಸಿದಿದ್ದೇವೆ ಎಂಬುದು ಅವರಿಗೆ ಸರಿಯಾಗಿ ತಿಳಿದಿರಲೇ ಇಲ್ಲ. ಈ ಸ್ಥಿತಿಯಲ್ಲಿರುವವರ ಕೈಗೆ ನಾವು ಕಣ್ಣು ಸುಡಬಲ್ಲ ಲೇಸರನ್ನು ಕೊಡುತ್ತೇವೆ. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದೂಡುತ್ತದೆ. ಅಂಥ ದ್ರವ ತುಂಬಿದ ಪಾತ್ರೆಗಳ ನಡುವೆ ರಾತ್ರಿ ಎರಡು ಗಂಟೆಗೆ ವಿದ್ಯಾರ್ಥಿಯೊಬ್ಬನೇ ಇರುವುದನ್ನು ನಿಷ್ಠೆ ಎಂದು ಮೆಚ್ಚುವವರು ಆ ಕೋಣೆಯ ಸುರಕ್ಷತೆಯ ಹೊಣೆ ತಮ್ಮದೆಂಬುದನ್ನು ಮರೆತಿದ್ದಾರೆ.

ಮನಸ್ಸಿನ ಮೇಲೆ ಬೀಳುವ ಹೊರೆಗೂ ಪುರಾವೆ ಇದೆ. ‘ನೇಚರ್’ ಪತ್ರಿಕೆ 2019ರಲ್ಲಿ ಜಗತ್ತಿನಾದ್ಯಂತ ಆರು ಸಾವಿರಕ್ಕೂ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಕೇಳಿದಾಗ ಶೇ. 36ರಷ್ಟು ಮಂದಿ ತಮ್ಮ ಅಧ್ಯಯನದಿಂದಲೇ ಉಂಟಾದ ಆತಂಕ ಅಥವಾ ಖಿನ್ನತೆಗೆ ನೆರವು ಪಡೆದಿದ್ದಾಗಿ ಹೇಳಿದರು. ಅದಕ್ಕೂ ಒಂದು ವರ್ಷ ಮುಂಚೆ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ ಇದ್ದವರ ಪೈಕಿ ಶೇ. 56ರಷ್ಟು ಮಂದಿ ತಮ್ಮ ಕೆಲಸ ಮತ್ತು ಉಳಿದ ಬದುಕಿನ ಹೊಂದಾಣಿಕೆ ಆರೋಗ್ಯಕರವಾಗಿದೆ ಎಂಬ ಮಾತನ್ನು ಒಪ್ಪಲಿಲ್ಲ, ಒಪ್ಪಿದವರು ಶೇ. 24 ಮಾತ್ರ. ಸಂಕಟದಲ್ಲಿರುವವರೇ ಇಂಥ ಸಮೀಕ್ಷೆಗಳಿಗೆ ಹೆಚ್ಚಾಗಿ ಉತ್ತರಿಸುತ್ತಾರೆ, ಹಾಗಾಗಿ ಅಂಕಿಗಳು ಉಬ್ಬಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಯಾವುದು ಕಾರಣ, ಯಾವುದು ಪರಿಣಾಮ ಎಂದೂ ಇವು ಹೇಳುವುದಿಲ್ಲ. ಇಷ್ಟನ್ನು ಕಳೆದ ಮೇಲೂ, ಬಿಡುವಿಲ್ಲದ ಬದುಕು ವಿದ್ಯಾರ್ಥಿಗಳಿಗೆ ಒಳ್ಳೆಯದು ಮಾಡುತ್ತದೆ ಎಂದು ತೋರಿಸುವ ಒಂದು ಅಂಕಿಯನ್ನೂ ತಪಸ್ಸಿನ ಪಕ್ಷದವರು ಮುಂದಿಟ್ಟಿಲ್ಲ. ಪುರಾವೆ ಕೊಡುವ ಹೊಣೆ ಅವರ ಮೇಲಿದೆ, ಏಕೆಂದರೆ ಬೇರೆಯವರ ಬದುಕನ್ನು ಕಟ್ಟಿಹಾಕುತ್ತಿರುವವರು ಅವರು.

ಅವರು ಮುಂದಿಡುವುದು ಮಹನೀಯರ ಹೆಸರುಗಳನ್ನು. ನಮ್ಮಲ್ಲಿ ಮೊದಲು ಬರುವ ಹೆಸರು ಸರ್ ಸಿ. ವಿ. ರಾಮನ್ ಅವರದು. ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದಾಗ ಕಚೇರಿಗೆ ಮುಂಚೆ ಮತ್ತು ಕಚೇರಿ ಮುಗಿದ ಮೇಲೆ ಬೌಬಜಾರಿನ ಪ್ರಯೋಗಾಲಯಕ್ಕೆ ಹೋಗಿ ದುಡಿದರಲ್ಲ, ಅದಕ್ಕಿಂತ ದೊಡ್ಡ ತಪಸ್ಸುಂಟೇ ಎಂದು ಕೇಳುತ್ತಾರೆ. ಈ ಉದಾಹರಣೆಯನ್ನು ಪೂರ್ತಿ ಓದಿದರೆ ಅದು ಅವರ ಕೈಬಿಡುತ್ತದೆ. 1907ರಿಂದ 1917ರವರೆಗೆ ರಾಮನ್ ಅವರ ವೃತ್ತಿ ಲೆಕ್ಕಪತ್ರದ್ದು. ಇಂದಿನ ಗೈಡುಗಳ ಮಾನದಂಡ ಹಚ್ಚಿದರೆ ಆ ಹತ್ತು ವರ್ಷ ಭೌತವಿಜ್ಞಾನವೇ ಅವರ ಹವ್ಯಾಸ. ಅವರ ಮೇಲಧಿಕಾರಿ ‘ನೌಕರಿಯೆಂದರೆ ತಪಸ್ಸು, ಸಂಜೆ ಬೇರೆ ಗೀಳು ಬೇಡ’ ಎಂದು ತಡೆದಿದ್ದರೆ ನಾವು ಕಳೆದುಕೊಳ್ಳುತ್ತಿದ್ದದ್ದು ಎಷ್ಟೆಂದು ಊಹಿಸಿ. ಆ ಸಂಜೆಗಳಲ್ಲಿ ಮೊಳೆತ ಆಸಕ್ತಿ ಯಾವುದರ ಮೇಲಿತ್ತು? ಪಿಟೀಲು, ವೀಣೆ, ತಂಬೂರಿಗಳ ತಂತಿಯ ಕಂಪನದ ಮೇಲೆ, ಮುಂದೆ ಮೃದಂಗ ಮತ್ತು ತಬಲದ ಚರ್ಮದ ಮೇಲೆ. ಸಾಮಾನ್ಯ ಡೋಲಿನ ಚರ್ಮದ ಮೇಲ್ಸ್ವರಗಳು ಮೂಲಸ್ವರದ 1.59 ಪಟ್ಟು, 2.14 ಪಟ್ಟು ಹೀಗೆ ಒಂದಕ್ಕೊಂದು ಹೊಂದದೆ ಬರುತ್ತವೆ, ಆದ್ದರಿಂದ ಅದರಿಂದ ಶ್ರುತಿ ಹೊರಡುವುದಿಲ್ಲ. ಮೃದಂಗದ ನಡುವೆ ಪದರಪದರವಾಗಿ ಮೆತ್ತುವ ಕಪ್ಪು ಕರಣೆ ಆ ಮೇಲ್ಸ್ವರಗಳನ್ನು ಪೂರ್ಣಾಂಕಗಳ ಅನುಪಾತಕ್ಕೆ ತಂದು ಕೂರಿಸುತ್ತದೆ ಎಂದು 1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ‘ನೇಚರ್’ನಲ್ಲಿ ತೋರಿಸಿದರು. ಮೃದಂಗ ಕಟ್ಟುವವರು ತಲೆಮಾರುಗಳಿಂದ ಕೈಯಲ್ಲಿ ಇಟ್ಟುಕೊಂಡಿದ್ದ ಜ್ಞಾನ ಅದು. ಸಂಗೀತ ಕಚೇರಿ ಕೇಳದ, ವಾದ್ಯವನ್ನು ಹತ್ತಿರದಿಂದ ನೋಡದ ಭೌತವಿಜ್ಞಾನಿಗೆ ಆ ಪ್ರಶ್ನೆ ಹುಟ್ಟುವುದೇ ಸಾಧ್ಯವಿರಲಿಲ್ಲ.

ಇಲ್ಲಿಗೆ ಬಂದಾಗ ಹವ್ಯಾಸದ ಪರ ಮಾತಾಡುವವರು ಒಂದು ಸುಲಭದ ಹಾದಿ ಹಿಡಿಯುತ್ತಾರೆ. ಐನ್‌ಸ್ಟೈನ್ ಪಿಟೀಲು ನುಡಿಸುತ್ತಿದ್ದರು, ಸತ್ಯೇಂದ್ರನಾಥ ಬೋಸ್ ಎಸ್ರಾಜ್ ನುಡಿಸುತ್ತಿದ್ದರು, ಹೋಮಿ ಭಾಭಾ ಚಿತ್ರ ಬರೆಯುತ್ತಿದ್ದರು, ತುಮಕೂರಿನ ರಾಜಾ ರಾಮಣ್ಣ ಪಿಯಾನೊ ನುಡಿಸುತ್ತಿದ್ದರು, ಆದ್ದರಿಂದ ಹವ್ಯಾಸವಿದ್ದರೆ ಸಂಶೋಧನೆ ಚೆನ್ನಾಗಿ ಆಗುತ್ತದೆ ಎಂಬ ಹಾದಿ ಅದು. ನೊಬೆಲ್ ಪಡೆದವರಲ್ಲಿ ಸಂಗೀತ, ಚಿತ್ರ, ನಾಟಕ, ಕೈಕೆಲಸಗಳ ಹವ್ಯಾಸ ಸಾಮಾನ್ಯ ವಿಜ್ಞಾನಿಗಳಿಗಿಂತ ಗಣನೀಯವಾಗಿ ಹೆಚ್ಚು ಎಂದು ರಾಬರ್ಟ್ ರೂಟ್-ಬರ್ನ್‌ಸ್ಟೈನ್ ಮತ್ತು ಜೊತೆಗಾರರು 2008ರಲ್ಲಿ ತೋರಿಸಿದ್ದೂ ನಿಜ. ಆದರೆ ಎರಡು ಸಂಗತಿ ಒಟ್ಟಿಗೆ ಇದ್ದಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು. ನನಗೆ ಹೆಚ್ಚು ಆತಂಕ ತರುವುದು ಈ ವಾದ ಒಳಗೊಳಗೇ ಎದುರಾಳಿಗೆ ಒಪ್ಪಿಸಿಬಿಡುವ ಮಾತು: ಸಂಶೋಧನೆಗೆ ಉಪಯೋಗವಾದರೆ ಮಾತ್ರ ಹವ್ಯಾಸಕ್ಕೆ ಅನುಮತಿ ಎಂಬುದು. ಹಾಗಾದರೆ ಸಂಜೆ ಶಟಲ್ ಆಡುವವಳು ಅದರಿಂದ ಯಾವ ಪೇಪರ್ ಬಂತೆಂದು ಉತ್ತರ ಕೊಡಬೇಕಾಗುತ್ತದೆ. ಬಹುಪಾಲು ಹವ್ಯಾಸಗಳಿಂದ ಪೇಪರ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವು ಬೇಕಿರುವುದು ಬದುಕಿಗೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು. ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಸೇರಿದವರು ಹೊರಬರುವಾಗ ಮೂವತ್ತರ ಹತ್ತಿರ ಇರುತ್ತಾರೆ. ಗೆಳೆತನ ಬೆಳೆಯುವ, ರುಚಿಗಳು ನೆಲೆಯಾಗುವ, ದೇಹ ಗಟ್ಟಿಯಿರುವ ವರ್ಷಗಳು ಅವು. ಅವರಲ್ಲಿ ಎಲ್ಲರಿಗೂ ಪ್ರಾಧ್ಯಾಪಕ ಹುದ್ದೆ ಸಿಗುವುದಿಲ್ಲ ಎಂಬುದು ಪ್ರತಿ ವಿಭಾಗಕ್ಕೂ ಗೊತ್ತಿದೆ. ಮುಂದೊಂದು ದಿನ ಬದುಕು ಶುರುವಾಗುತ್ತದೆ ಎಂಬ ಭರವಸೆಯ ಮೇಲೆ ಆ ವರ್ಷಗಳನ್ನು ಒತ್ತೆಯಿಡಿಸಿಕೊಳ್ಳುವುದು ಅನ್ಯಾಯ.

ಸಾರ್ವಜನಿಕರ ಹಣದ ಪ್ರಶ್ನೆ ಎತ್ತುವವರಿಗೆ ಗೌರವದಿಂದಲೇ ಉತ್ತರ ಕೊಡಬೇಕು. 2023ರ ಜನವರಿಯಿಂದ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದಮೇಲೆ 42,000. ತೆರಿಗೆ ಕಟ್ಟುವವರು ಕೊಡುವ ಈ ಹಣ ಪಡೆದು ಚಾರಣಕ್ಕೆ ಹೋಗುವುದು ಸರಿಯೇ ಎಂದು ಕೇಳುತ್ತಾರೆ. ಇದೇ ತೆರಿಗೆಯಿಂದ ಸಂಬಳ ಪಡೆಯುವ ಶಿಕ್ಷಕರಿಗೆ, ಗುಮಾಸ್ತರಿಗೆ, ಪ್ರಾಧ್ಯಾಪಕರಿಗೆ ಭಾನುವಾರವಿದೆ. ಯುಜಿಸಿ ಫೆಲೋಶಿಪ್ಪಿನ ನಿಯಮದಲ್ಲೇ ಸಾರ್ವಜನಿಕ ರಜೆಗಳಲ್ಲದೆ ವರ್ಷಕ್ಕೆ 30 ದಿನದವರೆಗೆ ರಜೆಗೆ ಅವಕಾಶವಿದೆ. ಸಮಾಜ ಆ ಹಣದಿಂದ ಕೊಳ್ಳುತ್ತಿರುವುದು ಒಳ್ಳೆಯ ಥೀಸಿಸ್ ಮತ್ತು ಮುಂದೆ ಪಾಠ ಹೇಳಬಲ್ಲ, ಯೋಚಿಸಬಲ್ಲ ಒಬ್ಬ ಮನುಷ್ಯನನ್ನು. ವಿದ್ಯಾರ್ಥಿ ನಾಲ್ಕನೆಯ ವರ್ಷದಲ್ಲಿ ಬಳಲಿ ಬಿಟ್ಟುಹೋದರೆ ಅಷ್ಟೂ ವರ್ಷದ ಫೆಲೋಶಿಪ್, ಅವರಿಗೆಂದು ಕೊಂಡ ಉಪಕರಣದ ಹೊತ್ತು ಎಲ್ಲವೂ ನಷ್ಟ. ತೆರಿಗೆದಾರರ ಕಾಳಜಿ ನಿಜವಾಗಿದ್ದರೆ ಅದು ಈ ನಷ್ಟದ ಕಡೆ ತಿರುಗಬೇಕು.

ಜಗತ್ತಿನ ಪೈಪೋಟಿಯ ಮಾತು ಇದಕ್ಕಿಂತ ಗಟ್ಟಿಯಾದದ್ದು. ನಾವು ಮಲಗಿದಾಗ ಬೇರೆ ದೇಶದ ಲ್ಯಾಬಿನವರು ಅದೇ ಫಲಿತಾಂಶ ಪ್ರಕಟಿಸಿಬಿಡುತ್ತಾರೆ ಎಂಬ ಭಯ ಸುಳ್ಳಲ್ಲ. ಹಾಗೆ ಆಗುತ್ತದೆ, ಆದಾಗ ವರ್ಷಗಳ ಶ್ರಮದ ಬೆಲೆ ಕುಸಿಯುತ್ತದೆ. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಕೆಲವೇ ದಿನದ ಸರದಿ ಸಿಕ್ಕಾಗ, ದೂರದರ್ಶಕದ ರಾತ್ರಿಗಳಲ್ಲಿ, ಥೀಸಿಸ್ ಒಪ್ಪಿಸುವ ಕೊನೆಯ ವಾರಗಳಲ್ಲಿ ಊಟ ನಿದ್ದೆ ಬದಿಗಿಡಬೇಕಾಗುತ್ತದೆ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆ ದುಡಿಯುವ ಸಾಮರ್ಥ್ಯವನ್ನು ಸಾಮಾನ್ಯ ವಾರಗಳಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ವಾರಗಳಲ್ಲಿ ಅದು ಕೈಗೆ ಸಿಗುತ್ತದೆ. ಐದು ವರ್ಷವನ್ನೂ ತುರ್ತುಪರಿಸ್ಥಿತಿ ಎಂದು ಘೋಷಿಸಿದವರ ಬಳಿ ನಿಜವಾದ ತುರ್ತು ಬಂದಾಗ ಕೊಡಲು ಏನೂ ಉಳಿದಿರುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು: ನಮ್ಮ ಲ್ಯಾಬುಗಳು ಹಿಂದೆ ಬೀಳುವುದು ವಿದ್ಯಾರ್ಥಿಯ ಭಾನುವಾರದಿಂದಲ್ಲ. ಆಮದಾಗಬೇಕಾದ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯುವುದು, ಖರೀದಿ ಕಡತ ಮೇಜಿನಿಂದ ಮೇಜಿಗೆ ಅಲೆಯುವುದು, ಫೆಲೋಶಿಪ್ ಹಣ ತಡವಾಗಿ ಬರುವುದು, ಇವುಗಳಿಂದ ಹೋಗುವ ಕಾಲ ಎಲ್ಲರಿಗೂ ಗೊತ್ತು. ಅದನ್ನು ಕೇಳುವ ಧೈರ್ಯವಿಲ್ಲದ ಕಡೆ ಮೃದಂಗದ ಪಾಠದ ಮೇಲೆ ತಪ್ಪು ಹೊರಿಸಲಾಗುತ್ತದೆ.

‘ಈಗಿನವರಿಗೆ ಹವ್ಯಾಸವೆಂದರೆ ಫೋನು’ ಎಂಬ ದೂರು ಹಿರಿಯರಿಂದ ಬರುತ್ತದೆ. ದೂರಿನಲ್ಲಿ ಸತ್ಯಾಂಶವಿದೆ, ಆದರೆ ಕಾರಣವನ್ನು ಅವರು ತಲೆಕೆಳಗಾಗಿ ಹಿಡಿದಿದ್ದಾರೆ. ವಾದ್ಯ ಕಲಿಯಲು ವಾರದಲ್ಲಿ ಗೊತ್ತಾದ ಹೊತ್ತು ಬೇಕು, ಗುರುಗಳು ಕಾಯುತ್ತಿರುತ್ತಾರೆ. ನಾಟಕಕ್ಕೆ ತಾಲೀಮಿನ ಸಂಜೆಗಳು ಬೇಕು, ಒಬ್ಬರು ಬಾರದಿದ್ದರೆ ಉಳಿದವರದ್ದೂ ನಿಲ್ಲುತ್ತದೆ. ಹಕ್ಕಿ ನೋಡುವವರಿಗೆ ಬೆಳಗಿನ ಜಾವ ಬೇಕು. ಯಾವ ಸಂಜೆ ತನ್ನದು ಎಂಬುದೇ ಗೊತ್ತಿಲ್ಲದವರಿಗೆ, ರಾತ್ರಿ ಹನ್ನೆರಡಕ್ಕೆ ಕೋಣೆಗೆ ಬಂದು ನಿದ್ದೆಗೆ ಮುಂಚಿನ ಅರ್ಧ ಗಂಟೆ ಮಾತ್ರ ಉಳಿಯುವವರಿಗೆ, ಆ ಅರ್ಧ ಗಂಟೆಯಲ್ಲಿ ಹಿಡಿಯುವುದು ಫೋನ್ ಒಂದೇ. ಉಳಿದ ಹವ್ಯಾಸಗಳ ಹೊತ್ತನ್ನು ಕಿತ್ತುಕೊಂಡವರು ಉಳಿದದ್ದನ್ನು ದೂರುವುದು ತರವಲ್ಲ.

ತಪಸ್ಸಿನ ಈ ಆದರ್ಶ ಯಾರಿಗೆ ಸಾಧ್ಯ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಬೇರೆ ಯಾರೋ ಅಡುಗೆ ಮಾಡಿ, ಬಟ್ಟೆ ಒಗೆದು, ಮಗುವನ್ನು ನೋಡಿಕೊಂಡು, ಊರಲ್ಲಿ ಹಾಸಿಗೆ ಹಿಡಿದ ತಂದೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮಾತ್ರ ಒಬ್ಬರು ದಿನದ ಎಲ್ಲ ಗಂಟೆಗಳನ್ನೂ ಲ್ಯಾಬಿಗೆ ಕೊಡಬಲ್ಲರು. ಮದುವೆಯಾದ ವಿದ್ಯಾರ್ಥಿನಿಗೆ ಆ ಅನುಕೂಲ ಸಿಗುವುದು ಅಪರೂಪ. ಯುಜಿಸಿ ನಿಯಮ ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಧಿಯನ್ನೂ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆಯನ್ನೂ ಕೊಟ್ಟಿದೆ. ಆದರೆ ಗಂಟೆಗಳನ್ನೇ ಶ್ರದ್ಧೆಯೆಂದು ಅಳೆಯುವ ಲ್ಯಾಬಿನಲ್ಲಿ ಆ ರಜೆ ಪಡೆದು ಬಂದವಳನ್ನು ‘ಸೀರಿಯಸ್ ಅಲ್ಲ’ ಎಂಬ ಪಟ್ಟ ಕಾಯುತ್ತಿರುತ್ತದೆ. ಅವಳಿಗೆ ಹವ್ಯಾಸದ ಮಾತಿರಲಿ, ಸಂಜೆ ಆರಕ್ಕೆ ಮನೆಗೆ ಹೋಗುವುದೇ ಅಪರಾಧವಾಗುತ್ತದೆ. ಬಿಡುವಿನ ಹಕ್ಕನ್ನು ಎಲ್ಲರಿಗೂ ಒಪ್ಪಿಕೊಂಡರೆ ಅವಳು ಪ್ರತ್ಯೇಕವಾಗಿ ಕ್ಷಮೆ ಕೇಳಬೇಕಾದ ಸ್ಥಿತಿ ಹೋಗುತ್ತದೆ. ಈ ವಾದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಅಂಶ ಇದು.

ಮಾಡಬೇಕಾದದ್ದು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ವಾರದ ಗ್ರೂಪ್ ಮೀಟಿಂಗನ್ನು ಕೆಲಸದ ದಿನ, ಕೆಲಸದ ಹೊತ್ತಿಗೆ ಇಡಬಹುದು. ಭಾನುವಾರ ಕಳಿಸಿದ ಇ-ಮೇಲಿಗೆ ಸೋಮವಾರ ಉತ್ತರ ಬಂದರೆ ಸಾಕು ಎಂದು ಗೈಡ್ ಬಾಯಿಬಿಟ್ಟು ಹೇಳಬಹುದು. ನಿಯಮದಲ್ಲಿರುವ ರಜೆಗೆ ವಿವರಣೆ ಕೇಳದೆ ಸಹಿ ಹಾಕಬಹುದು. ದ್ರವ ಸಾರಜನಕ, ಹೀಲಿಯಂ, ಲೇಸರುಗಳ ಕೆಲಸಕ್ಕೆ ರಾತ್ರಿ ಒಬ್ಬರನ್ನೇ ಬಿಡದಿರಬಹುದು. ವರ್ಷಕ್ಕೊಮ್ಮೆ ಪ್ರಗತಿ ನೋಡುವ ಸಮಿತಿ ಪೇಪರುಗಳನ್ನು ಕೇಳುವಂತೆಯೇ ವಿದ್ಯಾರ್ಥಿಗೆ ವಾರದಲ್ಲಿ ತನ್ನದೆನ್ನುವ ಹೊತ್ತು ಇದೆಯೇ ಎಂದು ಗೈಡ್ ಎದುರಿಗಿಲ್ಲದಾಗ ಕೇಳಿ, ಉತ್ತರವನ್ನು ವರದಿಯಲ್ಲಿ ಬರೆಯಬಹುದು. ಇವುಗಳಲ್ಲಿ ಯಾವುದಕ್ಕೂ ದೆಹಲಿಯ ಅಪ್ಪಣೆ ಬೇಕಿಲ್ಲ. ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಿದರೆ ಮುಂದಿನ ಆಗಸ್ಟಿನಲ್ಲಿ ಹೊಸ ತಂಡ ಕೋರ್ಸ್‌ವರ್ಕ್ ಶುರುಮಾಡುವ ಹೊತ್ತಿಗೆ ಎಲ್ಲವೂ ಜಾರಿಯಲ್ಲಿರಬಹುದು.